ವೃತ್ತಿಪರ ಕ್ರೀಡಾಪಟುವಿನ ಗಾಯಕ್ಕೆ ಪಿಆರ್‌ಪಿ: ಯಾವಾಗ, ಹೇಗೆ, ಎಷ್ಟರ ಮಟ್ಟಿಗೆ

2014ರ ಜುಲೈನಲ್ಲಿ ನ್ಯೂಯಾರ್ಕ್ ಯಾಂಕೀಸ್ ಬೇಸ್‌ಬಾಲ್ ತಂಡದ ಪಿಚರ್ (ಚೆಂಡೆಸೆಯುವ ಆಟಗಾರ) ಮಸಾಹಿರೊ ತನಾಕ ಅವರ ಬಲ ಮೊಣಕೈಯ ಒಳಬದಿಯ ಲಿಗಮೆಂಟ್ (ಮೂಳೆಗೆ ಮೂಳೆಯನ್ನು ಕಟ್ಟುವ ತಂತು) ಭಾಗಶಃ ಹರಿದಿರುವುದು ಪತ್ತೆಯಾಯಿತು. ಶಸ್ತ್ರಚಿಕಿತ್ಸೆಯ ಬದಲಿಗೆ ಅವರದೇ ರಕ್ತದಿಂದ ತಯಾರಿಸಿದ ಪಿಆರ್‌ಪಿಯನ್ನು, ಅಂದರೆ ಪ್ಲೇಟ್‌ಲೆಟ್‌ಗಳು ದಟ್ಟವಾಗಿರುವ ಪ್ಲಾಸ್ಮಾವನ್ನು, ಗಾಯದ ಜಾಗಕ್ಕೆ ಚುಚ್ಚಲಾಯಿತು. ಅವರು ಅದೇ ಸೆಪ್ಟೆಂಬರ್‌ನಲ್ಲಿ ಮೈದಾನಕ್ಕೆ ಮರಳಿದರು ಮತ್ತು 2020ರವರೆಗೆ, ಆ ಲಿಗಮೆಂಟ್‌ಗೆ ಶಸ್ತ್ರಚಿಕಿತ್ಸೆ ಇಲ್ಲದೆಯೇ, ಅದೇ ತಂಡಕ್ಕೆ ಆಡಿದರು. ನಾಲ್ಕು ವರ್ಷಗಳ ನಂತರ, 2018ರ ಜೂನ್‌ನಲ್ಲಿ, ಲಾಸ್ ಏಂಜಲೀಸ್ ಏಂಜಲ್ಸ್ ತಂಡದ ಶೊಹೆ ಒಟಾನಿ ಅವರ ಅದೇ ಲಿಗಮೆಂಟ್‌ಗೆ ಎರಡನೇ ದರ್ಜೆಯ ಗಾಯವಾಯಿತು. ಅವರಿಗೆ ಪಿಆರ್‌ಪಿಯ ಜೊತೆಗೆ ಕಾಂಡಕೋಶಗಳ (ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶಗಳ) ಚುಚ್ಚುಮದ್ದನ್ನೂ ಕೊಡಲಾಯಿತು. ಸೆಪ್ಟೆಂಬರ್ 2ರಂದು ಅವರು ಮತ್ತೆ ಚೆಂಡೆಸೆದರು, ಕೆಲವೇ ದಿನಗಳಲ್ಲಿ ಎಂಆರ್‌ಐನಲ್ಲಿ ಹೊಸ ಹಾನಿ ಕಂಡಿತು, ಅಕ್ಟೋಬರ್ 1ರಂದು ಶಸ್ತ್ರಚಿಕಿತ್ಸೆ ನಡೆಯಿತು.

ಇಬ್ಬರೂ ಒಂದೇ ಕ್ರೀಡೆಯವರು, ಗಾಯವಾದದ್ದು ಒಂದೇ ಲಿಗಮೆಂಟ್‌ಗೆ, ಕೊಟ್ಟದ್ದು ಬಹುಪಾಲು ಒಂದೇ ಬಗೆಯ ಮದ್ದು, ಆದರೆ ಫಲ ಮಾತ್ರ ಬೇರೆ ಬೇರೆ. ತನಾಕ ಅವರು ಗುಣವಾದದ್ದು ಚುಚ್ಚುಮದ್ದಿನಿಂದಲೋ, ವಿಶ್ರಾಂತಿ ಮತ್ತು ಕ್ರಮಬದ್ಧ ವ್ಯಾಯಾಮದಿಂದಲೋ ಎಂದು ಅವರೊಬ್ಬರನ್ನೇ ನೋಡಿ ಹೇಳಲು ಸಾಧ್ಯವಿಲ್ಲ. ಒಟಾನಿ ಅವರ ವಿಷಯದಲ್ಲಿ ಮದ್ದು ಸೋತಿತೋ, ಲಿಗಮೆಂಟ್‌ನ ಹಾನಿಯೇ ಮದ್ದಿನ ಅಳವನ್ನು ಮೀರಿತ್ತೋ ಎಂದೂ ಹೇಳಲಾಗದು. ಆದರೂ ತಂಡಗಳು ಇಂತಹ ಒಂದೊಂದು ಉದಾಹರಣೆಯನ್ನು ಹಿಡಿದೇ ನಿರ್ಧಾರ ಮಾಡುವುದನ್ನು ಕಂಡಾಗ ನನಗೆ ಕಳವಳವಾಗುತ್ತದೆ, ಏಕೆಂದರೆ ಆಟಗಾರನ ವೃತ್ತಿಜೀವನ ಹತ್ತು ಹನ್ನೆರಡು ವರ್ಷಗಳದ್ದು, ಅದರಲ್ಲಿ ತಪ್ಪು ಚಿಕಿತ್ಸೆಗೆ ಹೋಗುವ ಮೂರು ತಿಂಗಳು ಸಣ್ಣ ಅವಧಿಯಲ್ಲ. ತಂಡದ ವೈದ್ಯರು, ಫಿಸಿಯೋಗಳು, ತರಬೇತುದಾರರು ಮತ್ತು ಮುಖ್ಯವಾಗಿ ಆಟಗಾರರು ಈ ಚಿಕಿತ್ಸೆಯನ್ನು ಹಂತಹಂತವಾಗಿ ಹೇಗೆ ನಡೆಸಿಕೊಳ್ಳಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಗಾಯಗೊಂಡದ್ದು ಯಾವ ಅಂಗಾಂಶ

ಪಿಆರ್‌ಪಿಯ ಹಿಂದಿರುವ ತರ್ಕ ಸರಳವಾಗಿದೆ. ಗಾಯವಾದ ಜಾಗದಲ್ಲಿ ಪ್ಲೇಟ್‌ಲೆಟ್‌ಗಳು ಗುಂಪುಗೂಡಿ ರಕ್ತವನ್ನು ಹೆಪ್ಪುಗಟ್ಟಿಸುವುದಷ್ಟೇ ಅಲ್ಲದೆ, ತಮ್ಮೊಳಗಿನ ಸೂಕ್ಷ್ಮ ಚೀಲಗಳಿಂದ ಬೆಳವಣಿಗೆಯ ಅಂಶಗಳೆಂದು ಕರೆಯುವ ಪ್ರೋಟೀನ್‌ಗಳನ್ನು ಹೊರಬಿಡುತ್ತವೆ. ಹೊಸ ರಕ್ತನಾಳಗಳು ಚಿಗುರುವುದಕ್ಕೂ, ದುರಸ್ತಿಯ ಕೋಶಗಳು ಅಲ್ಲಿಗೆ ಬರುವುದಕ್ಕೂ, ಕೊಲಾಜನ್ ಎಳೆಗಳು ಹೆಣೆದುಕೊಳ್ಳುವುದಕ್ಕೂ ಇವು ಪ್ರೇರಣೆ ನೀಡುತ್ತವೆ. ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ತಂತು), ಲಿಗಮೆಂಟ್ ಮತ್ತು ಮೃದ್ವಸ್ಥಿಗೆ ಸಹಜವಾಗಿಯೇ ರಕ್ತದ ಹರಿವು ಕಡಿಮೆ, ಆದ್ದರಿಂದ ಅವು ತಡವಾಗಿ ಮಾಗುತ್ತವೆ. ರಕ್ತ ತಲುಪದ ಕಡೆಗೆ ರಕ್ತದ ಸಾರವನ್ನು ನಾವೇ ತಲುಪಿಸೋಣ ಎಂಬುದು ಈ ಚಿಕಿತ್ಸೆಯ ಆಲೋಚನೆ. ತರ್ಕ ಚೆನ್ನಾಗಿದೆ ಎಂದ ಮಾತ್ರಕ್ಕೆ ಫಲವೂ ಚೆನ್ನಾಗಿರುತ್ತದೆ ಎಂದಲ್ಲ, ಹಾಗಾಗಿ ಅಂಗಾಂಶವನ್ನು ನೋಡಿ ಪುರಾವೆಯನ್ನು ತೂಗಬೇಕು.

ಮೊದಲಿಗೆ ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಸ್ನಾಯುವನ್ನು ತೆಗೆದುಕೊಳ್ಳೋಣ, ಏಕೆಂದರೆ ವೇಗದ ಓಟವಿರುವ ಪ್ರತಿಯೊಂದು ಆಟದಲ್ಲಿಯೂ ಈ ಗಾಯ ಸಾಮಾನ್ಯ ಮತ್ತು ಆಟಗಾರನನ್ನು ಬೇಗ ಮರಳಿಸಬೇಕೆಂಬ ಒತ್ತಡವೂ ಇಲ್ಲಿಯೇ ಹೆಚ್ಚು. ನೆದರ್ಲೆಂಡ್ಸ್‌ನ ಸಂಶೋಧಕರು 80 ಕ್ರೀಡಾಪಟುಗಳ ಮೇಲೆ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅರ್ಧದಷ್ಟು ಮಂದಿಗೆ ಪಿಆರ್‌ಪಿ, ಉಳಿದವರಿಗೆ ಉಪ್ಪುನೀರಿನ ಸಲೈನ್ ಕೊಡಲಾಗಿತ್ತು. ಯಾರಿಗೆ ಏನು ಕೊಟ್ಟಿದೆ ಎಂಬುದು ಆಟಗಾರರಿಗೆ ತಿಳಿದಿರಲಿಲ್ಲ. ಆಟಕ್ಕೆ ಮರಳಲು ಬೇಕಾದ ಮಧ್ಯಮ ಅವಧಿ ಎರಡೂ ಗುಂಪಿಗೆ 42 ದಿನಗಳು. ಅದೇ ವರ್ಷ ಮಲೇಷ್ಯಾದಲ್ಲಿ 28 ಮಂದಿಯ ಮೇಲೆ ನಡೆದ ಅಧ್ಯಯನದಲ್ಲಿ ಪಿಆರ್‌ಪಿ ಪಡೆದವರು ಸುಮಾರು 27 ದಿನಗಳಲ್ಲಿಯೂ, ವ್ಯಾಯಾಮವನ್ನಷ್ಟೇ ಮಾಡಿದವರು ಸುಮಾರು 42 ದಿನಗಳಲ್ಲಿಯೂ ಮರಳಿದರು, ಆದರೆ ಅಲ್ಲಿ ಎರಡನೆಯ ಗುಂಪಿಗೆ ಹುಸಿ ಚುಚ್ಚುಮದ್ದು ಇರಲಿಲ್ಲ. ತನಗೆ ವಿಶೇಷ ಚಿಕಿತ್ಸೆ ದೊರೆತಿದೆ ಎಂದು ತಿಳಿದ ಆಟಗಾರ ಬೇಗ ಓಡಲು ಧೈರ್ಯ ಮಾಡುತ್ತಾನೆ; ಅವನನ್ನು ಪರೀಕ್ಷಿಸುವವರೂ ಬೇಗ ಒಪ್ಪಿಗೆ ಕೊಡುತ್ತಾರೆ. 2015ರಲ್ಲಿ ಕತಾರ್‌ನಲ್ಲಿ 90 ವೃತ್ತಿಪರ ಆಟಗಾರರ ಮೇಲೆ ನಡೆದ ಅಧ್ಯಯನವೂ, ಚುಚ್ಚುಮದ್ದೇ ಇಲ್ಲದೆ ತೀವ್ರ ಪುನಶ್ಚೇತನ ವ್ಯಾಯಾಮ ಮಾಡಿದವರಿಗಿಂತ ಪಿಆರ್‌ಪಿ ಪಡೆದವರು ಬೇಗ ಮರಳಿದರು ಎಂದು ತೋರಿಸಲಿಲ್ಲ. ಸ್ನಾಯುವಿಗೆ ಮೊದಲೇ ಧಾರಾಳವಾಗಿ ರಕ್ತ ಹರಿಯುವುದು ಇದಕ್ಕೆ ಒಂದು ಕಾರಣವಿರಬಹುದು. ನನ್ನ ಸಲಹೆ ಸ್ಪಷ್ಟ: ಹ್ಯಾಮ್‌ಸ್ಟ್ರಿಂಗ್‌ನ ಸಾಮಾನ್ಯ ಗಾಯಕ್ಕೆ ಪಿಆರ್‌ಪಿ ಬೇಡ, ಆ ಹಣ ಮತ್ತು ಗಮನವನ್ನು ವ್ಯಾಯಾಮಕ್ಕೆ ಕೊಡಿ.

ಹಿಮ್ಮಡಿಯ ಅಕಿಲೀಸ್ ಟೆಂಡನ್‌ನ ದೀರ್ಘಕಾಲದ ನೋವಿಗೂ ಇದೇ ಮಾತು ಬಹುಮಟ್ಟಿಗೆ ಅನ್ವಯಿಸುತ್ತದೆ. 2010ರಲ್ಲಿ 54 ಮಂದಿಯ ಮೇಲೆ, 2021ರಲ್ಲಿ 240 ಮಂದಿಯ ಮೇಲೆ ನಡೆದ ಅಧ್ಯಯನಗಳೆರಡೂ ಹುಸಿ ಚುಚ್ಚುಮದ್ದಿಗಿಂತ ಹೆಚ್ಚಿನ ಪ್ರಯೋಜನವನ್ನು ಕಾಣಲಿಲ್ಲ. ಮೊಣಕೈಯ ಹೊರಬದಿಯ ನೋವು, ಅಂದರೆ ಟೆನಿಸ್ ಎಲ್ಬೋ, ಪಿಆರ್‌ಪಿಯ ಪರವಾಗಿ ಹೆಚ್ಚು ಮಾತು ಕೇಳಿಬರುವ ಗಾಯ. 2014ರಲ್ಲಿ ಪ್ರಕಟವಾದ 230 ರೋಗಿಗಳ ಅಧ್ಯಯನದಲ್ಲಿ 24 ವಾರಗಳ ನಂತರ ಪಿಆರ್‌ಪಿ ಪಡೆದವರಲ್ಲಿ ಶೇ. 83.9ರಷ್ಟು, ಹೋಲಿಕೆಯ ಗುಂಪಿನಲ್ಲಿ ಶೇ. 68.3ರಷ್ಟು ಮಂದಿಗೆ ಗಮನಾರ್ಹ ಉಪಶಮನ ಸಿಕ್ಕಿತ್ತು. ಆದರೆ 2021ರಲ್ಲಿ ಲಭ್ಯವಿದ್ದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿದ ಕೊಕ್ರೇನ್ ಎಂಬ ಸ್ವತಂತ್ರ ಸಂಶೋಧನಾ ಜಾಲದ ವಿಮರ್ಶೆ ಈ ಲಾಭವನ್ನು ದೃಢಪಡಿಸಲಿಲ್ಲ. ಹಾಗಾಗಿ ಮೂರು ತಿಂಗಳಾದರೂ ಸರಿಯಾದ ಭಾರದ ವ್ಯಾಯಾಮ ಮಾಡಿಯೂ ಗುಣವಾಗದ ಟೆಂಡನ್‌ಗೆ ಮಾತ್ರ, ಅನಿಶ್ಚಿತತೆಯನ್ನು ಆಟಗಾರನಿಗೆ ಬಿಡಿಸಿ ಹೇಳಿ, ಪಿಆರ್‌ಪಿಯನ್ನು ಪರಿಗಣಿಸಬಹುದು.

ಲಿಗಮೆಂಟ್‌ನಲ್ಲಿ ಎಷ್ಟು ಹರಿದಿದೆ ಎಂಬುದೇ ಎಲ್ಲವನ್ನೂ ನಿರ್ಧರಿಸುತ್ತದೆ. ಭಾಗಶಃ ಹರಿದು, ಎರಡು ತುದಿಗಳೂ ತಮ್ಮ ಜಾಗದಲ್ಲಿಯೇ ಇದ್ದರೆ ಮಾಗುವ ಅವಕಾಶವಿದೆ. ಕಬಡ್ಡಿ ಆಟಗಾರನ ಮಂಡಿಯೊಳಗಿನ ಎಸಿಎಲ್ ಎಂಬ ಲಿಗಮೆಂಟ್ ಪೂರ್ತಿಯಾಗಿ ಹರಿದಿದ್ದರೆ, ಕೀಲಿನೊಳಗಿನ ದ್ರವ ತುದಿಗಳ ನಡುವೆ ಹೆಪ್ಪು ನಿಲ್ಲಲು ಬಿಡುವುದಿಲ್ಲವಾದ್ದರಿಂದ, ಎಷ್ಟು ಪಿಆರ್‌ಪಿ ಚುಚ್ಚಿದರೂ ಅದು ಕೂಡಿಕೊಳ್ಳುತ್ತದೆ ಎಂದು ನಿರೀಕ್ಷಿಸುವಂತಿಲ್ಲ. ಬಾಸ್ಟನ್‌ನ ಡಾ. ಮಾರ್ತಾ ಮರ್ರೆ ಅವರ ತಂಡ, ರೋಗಿಯದೇ ರಕ್ತವನ್ನು ಹೀರಿಸಿದ ಕೊಲಾಜನ್ ತುಂಡನ್ನು ಹರಿದ ತುದಿಗಳ ನಡುವೆ ಇರಿಸುವ ಬೇರ್ ಎಂಬ ವಿಧಾನವನ್ನು ರೂಪಿಸಿತು ಮತ್ತು ಅಮೆರಿಕದ ಔಷಧ ನಿಯಂತ್ರಕರು ಅದಕ್ಕೆ 2020ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟರು. ಆದರೆ ಅದೊಂದು ಶಸ್ತ್ರಚಿಕಿತ್ಸೆ. ಹೊರರೋಗಿ ವಿಭಾಗದಲ್ಲಿ ಕೊಡುವ ಸೂಜಿಯಲ್ಲ.

ಆದ್ದರಿಂದ ವೈದ್ಯರ ಮುಂದೆ ಕುಳಿತ ಆಟಗಾರ ಮೊದಲು ಕೇಳಬೇಕಾದ ಪ್ರಶ್ನೆಗಳು ಮೂರು: ಗಾಯ ಯಾವ ಅಂಗಾಂಶದ್ದು, ಯಾವ ದರ್ಜೆಯದು, ಎಷ್ಟು ಹಳೆಯದು. ಕೈಯಿಂದ ಪರೀಕ್ಷಿಸಿ, ಅಲ್ಟ್ರಾಸೌಂಡ್ ಅಥವಾ ಎಂಆರ್‌ಐನಿಂದ ಖಚಿತಪಡಿಸಿಕೊಂಡು, ಈ ಮೂರಕ್ಕೂ ಉತ್ತರ ಬರೆದಿಡುವವರೆಗೆ ರಕ್ತ ತೆಗೆಯುವ ಮಾತೇ ಬರಬಾರದು.

ಚುಚ್ಚುವ ಮುಂಚೆ

ದಿನಾಂಕವನ್ನು ಪಂದ್ಯಗಳ ವೇಳಾಪಟ್ಟಿ ನೋಡಿ ಆರಿಸಬೇಕು, ಆದರೆ ತಂಡಗಳು ಸಾಮಾನ್ಯವಾಗಿ ಆರಿಸುವ ರೀತಿಯಲ್ಲಿ ಅಲ್ಲ. ಪಿಆರ್‌ಪಿ ಕೊಟ್ಟ ಟೆಂಡನ್ ಪೂರ್ಣ ಭಾರ ಹೊರಲು ಆರರಿಂದ ಹನ್ನೆರಡು ವಾರ ಬೇಕಾಗುತ್ತದೆ. ಐಪಿಎಲ್‌ನಂತಹ ಎರಡು ತಿಂಗಳ ಪಂದ್ಯಾವಳಿಯ ನಡುವೆ ಚುಚ್ಚಿಸಿಕೊಂಡರೆ ಆ ಋತು ಬಹುತೇಕ ಮುಗಿದಂತೆಯೇ; ಆಟಗಾರ ಆಡಿದರೆ ಚಿಕಿತ್ಸೆ ಹಾಳು, ಆಡದಿದ್ದರೆ ಋತು ಹಾಳು. ಹಳೆಯ ಟೆಂಡನ್ ನೋವಿಗೆ ಪಂದ್ಯಾವಳಿ ಮುಗಿದ ಮರುವಾರವೇ ಅತ್ಯುತ್ತಮ ಸಮಯ.

ಐಬುಪ್ರೊಫೆನ್, ಡೈಕ್ಲೊಫೆನಾಕ್ ಮುಂತಾದ ನೋವು ನಿವಾರಕಗಳು ಪ್ಲೇಟ್‌ಲೆಟ್‌ಗಳ ಕೆಲಸವನ್ನು ಕುಂದಿಸುತ್ತವೆ. ಚುಚ್ಚುವುದಕ್ಕೆ ಏಳರಿಂದ ಹತ್ತು ದಿನ ಮೊದಲೇ ಅವುಗಳನ್ನು ನಿಲ್ಲಿಸುವುದು ರೂಢಿ. ಆಸ್ಪಿರಿನ್‌ನ ಪರಿಣಾಮ ಪ್ಲೇಟ್‌ಲೆಟ್‌ನ ಆಯುಸ್ಸಿನ ಉದ್ದಕ್ಕೂ ಉಳಿಯುವುದರಿಂದ ಅದರಲ್ಲಿ ಇನ್ನಷ್ಟು ಎಚ್ಚರ ಬೇಕು, ಹೃದಯದ ಕಾರಣಕ್ಕೆ ಅದನ್ನು ಸೇವಿಸುವವರು ತಮ್ಮ ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ವೃತ್ತಿಪರ ಆಟಗಾರರ ಕಿಟ್ ಬ್ಯಾಗಿನಲ್ಲಿ ಈ ಮಾತ್ರೆಗಳು ಸದಾ ಇರುತ್ತವೆ ಮತ್ತು ಅವನ್ನು ಔಷಧವೆಂದೇ ಅವರು ಎಣಿಸುವುದಿಲ್ಲ; ಹಾಗಾಗಿ 'ಏನಾದರೂ ಔಷಧ ತೆಗೆದುಕೊಳ್ಳುತ್ತೀರಾ' ಎಂದು ಕೇಳದೆ, ಮಾತ್ರೆಗಳ ಹೆಸರು ಹಿಡಿದೇ ಕೇಳಿ. ಅದೇ ಜಾಗಕ್ಕೆ ಇತ್ತೀಚೆಗೆ ಸ್ಟೀರಾಯ್ಡ್ ಚುಚ್ಚಿಸಿದ್ದರೆ ಅದನ್ನೂ ತಿಳಿಸಬೇಕು. ರಕ್ತದ ಪೂರ್ಣ ಎಣಿಕೆ ಮಾಡಿಸಿ. ಪ್ಲೇಟ್‌ಲೆಟ್‌ಗಳು ಕಡಿಮೆಯಿದ್ದರೆ, ಜ್ವರ ಅಥವಾ ಸೋಂಕಿದ್ದರೆ, ರಕ್ತ ತೆಳುಗೊಳಿಸುವ ಔಷಧ ನಡೆಯುತ್ತಿದ್ದರೆ, ಆ ಜಾಗದಲ್ಲಿ ಗಡ್ಡೆಯ ಅನುಮಾನವಿದ್ದರೆ ಮುಂದುವರಿಯಬಾರದು.

ಚುಚ್ಚುವ ದಿನ

ತೋಳಿನ ರಕ್ತನಾಳದಿಂದ, ಬಳಸುವ ಕಿಟ್‌ಗೆ ತಕ್ಕಂತೆ, 15ರಿಂದ 60 ಮಿಲಿಲೀಟರ್ ರಕ್ತವನ್ನು ಹೆಪ್ಪುಗಟ್ಟದಂತೆ ತಡೆಯುವ ಸಿಟ್ರೇಟ್ ದ್ರಾವಣದೊಂದಿಗೆ ತೆಗೆದು, ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸುತ್ತಾರೆ. ಕೆಂಪು ರಕ್ತಕಣಗಳು ತಳಕ್ಕಿಳಿಯುತ್ತವೆ, ಮೇಲೆ ಹಳದಿ ಪ್ಲಾಸ್ಮಾ ನಿಲ್ಲುತ್ತದೆ, ಎರಡರ ನಡುವೆ ಬಿಳಿಯ ತೆಳು ಪದರವೊಂದು ಮೂಡುತ್ತದೆ. ಆ ಪದರದಲ್ಲಿಯೂ ಅದಕ್ಕೆ ತಾಗಿದ ಪ್ಲಾಸ್ಮಾದಲ್ಲಿಯೂ ಪ್ಲೇಟ್‌ಲೆಟ್‌ಗಳು ದಟ್ಟವಾಗಿರುತ್ತವೆ. ಬಿಳಿ ಪದರವನ್ನು ಸೇರಿಸಿಕೊಂಡರೆ ಬಿಳಿರಕ್ತಕಣಗಳು ಹೆಚ್ಚಿರುವ, ಸ್ವಲ್ಪ ಕೆಂಪಾದ ಪಿಆರ್‌ಪಿ ಸಿಗುತ್ತದೆ. ಬಿಟ್ಟರೆ ತಿಳಿ ಹಳದಿಯದು. ಕೀಲಿನೊಳಗೆ ಚುಚ್ಚುವಾಗ ಉರಿಯೂತ ಕೆರಳದಿರಲೆಂದು ಬಿಳಿಕಣಗಳು ಕಡಿಮೆಯಿರುವುದನ್ನು ಸಾಮಾನ್ಯವಾಗಿ ಆರಿಸುತ್ತಾರೆ, ಟೆಂಡನ್‌ಗೆ ಹೆಚ್ಚಿರುವುದನ್ನು ಬಳಸುವವರೂ ಇದ್ದಾರೆ.

ಸಹಜ ರಕ್ತದಲ್ಲಿ ಪ್ರತಿ ಮೈಕ್ರೊಲೀಟರ್‌ಗೆ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಪ್ಲೇಟ್‌ಲೆಟ್‌ಗಳಿರುತ್ತವೆ. ಪಿಆರ್‌ಪಿಯಲ್ಲಿ ಹತ್ತು ಲಕ್ಷದಷ್ಟು ಇರಬೇಕೆಂಬುದು ಹಳೆಯ ಮಾನದಂಡ. ಎರಡು ಕಿಟ್‌ಗಳು, ಎರಡು ಯಂತ್ರಗಳು, ಒಬ್ಬನೇ ಆಟಗಾರನ ಎರಡು ದಿನಗಳ ರಕ್ತ, ಇವು ಯಾವುವೂ ಒಂದೇ ಸಾಂದ್ರತೆಯನ್ನು ಕೊಡುವುದಿಲ್ಲ. ಆದ್ದರಿಂದ ತಯಾರಾದ ದ್ರವದ ಒಂದು ಹನಿಯನ್ನು ಎಣಿಕೆಗೆ ಕಳಿಸಿ, ಆ ಸಂಖ್ಯೆಯನ್ನು, ಚುಚ್ಚಿದ ಪ್ರಮಾಣವನ್ನು, ತಯಾರಿಸಿದ ವಿಧಾನವನ್ನು ಕಡತದಲ್ಲಿ ಬರೆಯಿರಿ. ಇದನ್ನು ಬಹಳ ಕಡೆ ಮಾಡುವುದಿಲ್ಲ, ಹಾಗಾಗಿ ಆರು ತಿಂಗಳ ನಂತರ ಚಿಕಿತ್ಸೆ ಫಲಿಸಲಿಲ್ಲವೇಕೆ ಎಂದು ಹುಡುಕುವಾಗ ಆಟಗಾರನಿಗೆ ನಿಜಕ್ಕೂ ಏನು ಕೊಟ್ಟಿದ್ದೆವು ಎಂಬುದೇ ಯಾರಿಗೂ ತಿಳಿದಿರುವುದಿಲ್ಲ.

ತಂಡದ ನಾಲ್ಕೈದು ಆಟಗಾರರಿಗೆ ಒಂದೇ ದಿನ ಚಿಕಿತ್ಸೆ ನೀಡುವಾಗ ಪ್ರತಿ ಸಿರಿಂಜ್‌ಗೂ ಟ್ಯೂಬ್‌ಗೂ ಹೆಸರು ಮತ್ತು ಗುರುತಿನ ಸಂಖ್ಯೆ ಅಂಟಿಸಿರಬೇಕು. ಒಬ್ಬರ ಕೆಲಸ ಪೂರ್ತಿ ಮುಗಿದ ನಂತರವೇ ಇನ್ನೊಬ್ಬರ ರಕ್ತ ತೆಗೆಯುವುದು ಇನ್ನೂ ಸುರಕ್ಷಿತ. ಒಬ್ಬರ ರಕ್ತ ಇನ್ನೊಬ್ಬರಿಗೆ ಸೇರಿದರೆ ಹೆಪಟೈಟಿಸ್, ಎಚ್‌ಐವಿಯಂತಹ ಸೋಂಕಿನ ಅಪಾಯವಿದೆ. ಸೂಜಿಯನ್ನು ಅಲ್ಟ್ರಾಸೌಂಡ್ ಪರದೆಯಲ್ಲಿ ನೋಡುತ್ತಲೇ ಗಾಯದ ಜಾಗಕ್ಕೆ ಒಯ್ಯಬೇಕು, ಬೆರಳಿನಿಂದ ಅಂದಾಜು ಮಾಡಿದರೆ ಸಾಲದು. ಅರಿವಳಿಕೆ ಮದ್ದನ್ನು ಚರ್ಮಕ್ಕೆ ಕೊಡಬಹುದು, ಪಿಆರ್‌ಪಿಯೊಂದಿಗೆ ಬೆರೆಸಬಾರದು, ಏಕೆಂದರೆ ಅದು ಟೆಂಡನ್ ಮತ್ತು ಮೃದ್ವಸ್ಥಿಯ ಕೋಶಗಳಿಗೆ ಹಾನಿ ಮಾಡಬಲ್ಲದು.

ನಂತರದ ವಾರಗಳು

ಮೊದಲ ಎರಡು ಮೂರು ದಿನ ನೋವು ಹೆಚ್ಚಾಗುವುದು ಸಹಜ, ಇದನ್ನು ಆಟಗಾರನಿಗೆ ಮುಂಚೆಯೇ ಹೇಳದಿದ್ದರೆ ಅವನು ಗಾಬರಿಯಿಂದ ಡೈಕ್ಲೊಫೆನಾಕ್ ನುಂಗುತ್ತಾನೆ. ಪ್ಯಾರಸಿಟಮಾಲ್ ಸಾಕು, ಉರಿಯೂತ ಇಳಿಸುವ ಮಾತ್ರೆಗಳು ಇನ್ನೂ ಎರಡು ವಾರ ಬೇಡ. ನೋವು ಇಳಿಯುವ ಬದಲು ಏರುತ್ತಾ ಹೋದರೆ, ಜ್ವರ ಬಂದರೆ, ಕೀಲು ಕೆಂಪಾಗಿ ಊದಿಕೊಂಡರೆ ಸೋಂಕೆಂದೇ ಭಾವಿಸಿ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಮೂರನೆಯ ದಿನದಿಂದ ಕೀಲನ್ನು ಭಾರವಿಲ್ಲದೆ ಮೆಲ್ಲಗೆ ಆಡಿಸುವುದು, ನೋವು ಹಿಡಿತದಲ್ಲಿದ್ದರೆ ಎರಡನೆಯ ವಾರದಲ್ಲಿ ಕೀಲು ಅಲುಗದಂತೆ ಸ್ನಾಯುವನ್ನು ಬಿಗಿಹಿಡಿಯುವ ವ್ಯಾಯಾಮಗಳು, ಆಮೇಲೆ ಭಾರವನ್ನು ನಿಧಾನವಾಗಿ ಎತ್ತಿ ನಿಧಾನವಾಗಿ ಇಳಿಸುವ ವ್ಯಾಯಾಮಗಳು: ಟೆಂಡನ್‌ಗೆ ಸಾಮಾನ್ಯವಾಗಿ ಅನುಸರಿಸುವ ಕ್ರಮ ಇದು. ಕೊಲಾಜನ್ ಎಳೆಗಳು ಯಾವ ದಿಕ್ಕಿನಲ್ಲಿ ಸೆಳೆತ ಬೀಳುತ್ತದೆಯೋ ಆ ದಿಕ್ಕಿಗೆ ಸಾಲುಗೂಡುತ್ತವೆ. ಸೆಳೆತವೇ ಇಲ್ಲದೆ ಆರು ವಾರ ಮಲಗಿದ ಟೆಂಡನ್‌ನಲ್ಲಿ ಅವು ಅಡ್ಡಾದಿಡ್ಡಿಯಾಗಿ ಬೆಳೆಯುತ್ತವೆ, ಅತಿಯಾದ ಸೆಳೆತಕ್ಕೆ ಸಿಕ್ಕಿದ ಟೆಂಡನ್ ಮತ್ತೆ ಹರಿಯುತ್ತದೆ. ಈ ಎರಡರ ನಡುವಿನ ದಾರಿಯನ್ನು ದಿನದಿನವೂ ನೋಡಿ ನಡೆಸುವ ಫಿಸಿಯೋ ಇಲ್ಲದಿದ್ದರೆ ಪಿಆರ್‌ಪಿ ಕೊಡಿಸಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಮದ್ದು ದುರಸ್ತಿಗೆ ಚಾಲನೆ ಕೊಡಬಹುದಷ್ಟೇ, ಎಳೆಗಳಿಗೆ ಬಲ ಬರುವುದು ಭಾರದಿಂದ.

ಆಟಕ್ಕೆ ಮರಳುವುದನ್ನು ಕ್ಯಾಲೆಂಡರ್‌ನಿಂದಲ್ಲ, ಪರೀಕ್ಷೆಗಳಿಂದ ನಿರ್ಧರಿಸಬೇಕು. ಒತ್ತಿದಾಗ ನೋವಿರಬಾರದು, ಚಲನೆ ಪೂರ್ತಿಯಾಗಿರಬೇಕು, ಗಾಯಗೊಂಡ ಬದಿಯ ಬಲ ಇನ್ನೊಂದು ಬದಿಯ ಬಲದ ಶೇ. 90ಕ್ಕಾದರೂ ಮುಟ್ಟಿರಬೇಕು, ಆ ಆಟದ್ದೇ ಚಲನೆಗಳನ್ನು ಪೂರ್ಣ ವೇಗದಲ್ಲಿ ಮಾಡಿ ಮರುದಿನ ನೋವಿಲ್ಲದೆ ಏಳಬೇಕು. ವೇಗದ ಬೌಲರ್ ಆದರೆ ನೆಟ್ಸ್‌ನಲ್ಲಿ ದಿನಕ್ಕೆ ಎರಡು ಮೂರು ಓವರ್‌ಗಳಿಂದ ಆರಂಭಿಸಿ, ಪಂದ್ಯದಲ್ಲಿ ಅವನು ಮಾಡಬೇಕಾದಷ್ಟು ಎಸೆತಗಳನ್ನು ಹಲವು ವಾರಗಳಲ್ಲಿ ಮುಟ್ಟಬೇಕು. ಹೈನ್ಸ್ ವಾರ್ಡ್ ಎಂಬ ಅಮೆರಿಕನ್ ಫುಟ್‌ಬಾಲ್ ಆಟಗಾರ 2009ರಲ್ಲಿ ಮಂಡಿಯ ಒಳಬದಿಯ ಲಿಗಮೆಂಟ್ ಗಾಯಕ್ಕೆ ಪಿಆರ್‌ಪಿ ಪಡೆದು ಎರಡು ವಾರಗಳಲ್ಲಿ ಸೂಪರ್ ಬೌಲ್ ಎಂಬ ಅಂತಿಮ ಪಂದ್ಯ ಆಡಿದ್ದು ಈ ಚಿಕಿತ್ಸೆಗೆ ದೊಡ್ಡ ಹೆಸರು ತಂದಿತು. ಆ ಲಿಗಮೆಂಟ್‌ನ ಸೌಮ್ಯ ಗಾಯಗಳು ಮದ್ದಿಲ್ಲದೆಯೂ ಕೆಲವೇ ವಾರಗಳಲ್ಲಿ ಮಾಗುತ್ತವೆ ಎಂಬುದನ್ನು ಆ ಕಥೆ ಹೇಳುವವರು ಬಿಟ್ಟುಬಿಡುತ್ತಾರೆ.

ಉದ್ದೀಪನ ಮದ್ದಿನ ನಿಯಮಗಳು

ಉದ್ದೀಪನ ಮದ್ದು ತಡೆಯುವ ವಿಶ್ವ ಸಂಸ್ಥೆಯಾದ ವಾಡಾ 2010ರ ನಿಷೇಧಿತ ಪಟ್ಟಿಯಲ್ಲಿ ಸ್ನಾಯುವಿಗೆ ಚುಚ್ಚುವ ಪಿಆರ್‌ಪಿಯನ್ನು ಸೇರಿಸಿತ್ತು. ಅದು ಸಾಮರ್ಥ್ಯವನ್ನು ಹೆಚ್ಚಿಸುತ್ತದೆ ಎಂಬುದಕ್ಕೆ ಪುರಾವೆ ಇಲ್ಲವೆಂದು 2011ರಲ್ಲಿ ತೆಗೆದುಹಾಕಿತು. ಇಂದು ಸ್ವಂತ ರಕ್ತದ ಪಿಆರ್‌ಪಿಗೆ ಅಡ್ಡಿಯಿಲ್ಲ. ಆದರೆ ಪಿಆರ್‌ಪಿಯಲ್ಲಿ ಸಹಜವಾಗಿ ಇರುವ ಐಜಿಎಫ್-1ರಂತಹ ಬೆಳವಣಿಗೆಯ ಅಂಶಗಳನ್ನೇ ಶುದ್ಧರೂಪದಲ್ಲಿ ಪ್ರತ್ಯೇಕವಾಗಿ ಕೊಟ್ಟರೆ ಅದು ಎಲ್ಲ ಕಾಲದಲ್ಲಿಯೂ ನಿಷಿದ್ಧ. 'ಇನ್ನಷ್ಟು ಬಲ ಬರಲಿ' ಎಂದು ಪಿಆರ್‌ಪಿಗೆ ಪೆಪ್ಟೈಡ್‌ಗಳನ್ನೋ ಬೆಳವಣಿಗೆಯ ಹಾರ್ಮೋನನ್ನೋ ಬೆರೆಸುವ ಕ್ಲಿನಿಕ್‌ಗೆ ಹೋದ ಆಟಗಾರ ತನಗೆ ತಿಳಿದಿರಲಿಲ್ಲ ಎಂದರೂ ಹೊಣೆಯಿಂದ ತಪ್ಪಿಸಿಕೊಳ್ಳಲಾರ, ಏಕೆಂದರೆ ದೇಹದಲ್ಲಿ ಸಿಕ್ಕ ವಸ್ತುವಿಗೆ ಆಟಗಾರನೇ ಜವಾಬ್ದಾರ ಎಂಬುದು ನಿಯಮ. ಪರ್ಯಾಯವಾಗಿ ಸ್ಟೀರಾಯ್ಡ್ ಚುಚ್ಚಿಸುವ ಯೋಚನೆ ಬಂದರೆ, 2022ರ ಜನವರಿಯಿಂದ ಯಾವುದೇ ಮಾರ್ಗದಲ್ಲಿ ಚುಚ್ಚುವ ಗ್ಲೂಕೊಕಾರ್ಟಿಕಾಯ್ಡ್ (ಉರಿಯೂತ ಇಳಿಸುವ ಈ ಬಗೆಯ ಸ್ಟೀರಾಯ್ಡ್) ಸ್ಪರ್ಧೆಯ ಅವಧಿಯಲ್ಲಿ ನಿಷಿದ್ಧವೆಂಬುದು ನೆನಪಿರಲಿ. ಔಷಧ ದೇಹದಿಂದ ಹೊರಹೋಗಲು ಬೇಕಾದ ದಿನಗಳು ಔಷಧದಿಂದ ಔಷಧಕ್ಕೆ ಬೇರೆ. ಸಿರಿಂಜ್‌ಗೆ ಹೋಗುವ ಪ್ರತಿಯೊಂದು ವಸ್ತುವಿನ ಹೆಸರನ್ನೂ ವೈದ್ಯರಿಂದ ಬರೆಸಿಕೊಂಡು, ಆ ವರ್ಷದ ಪಟ್ಟಿಯೊಂದಿಗೆ ಹೋಲಿಸಿ, ಸಂದೇಹವಿದ್ದರೆ ಭಾರತದ ಉದ್ದೀಪನ ಮದ್ದು ತಡೆ ಸಂಸ್ಥೆಯಾದ ನಾಡಾವನ್ನು ಕೇಳಿ.

ಕಾಂಡಕೋಶಗಳ ಮಾತು

ಸೊಂಟದ ಮೂಳೆಯಿಂದ ತೆಗೆದ ಅಸ್ಥಿಮಜ್ಜೆಯನ್ನು ಸಾಂದ್ರಗೊಳಿಸಿ ಚುಚ್ಚುವುದನ್ನು ಅನೇಕ ಕಡೆ 'ಸ್ಟೆಮ್ ಸೆಲ್ ಚಿಕಿತ್ಸೆ' ಎಂದು ಮಾರುತ್ತಾರೆ. ಮಜ್ಜೆಯಲ್ಲಿ ಮೂಳೆ, ಮೃದ್ವಸ್ಥಿಯಾಗಬಲ್ಲ ಕೋಶಗಳ ಪಾಲು ಬೀಜಕೇಂದ್ರವಿರುವ ಒಟ್ಟು ಕೋಶಗಳಲ್ಲಿ ಶೇ. 0.001ರಿಂದ 0.01 ಮಾತ್ರ ಎಂಬುದು ತಿಳಿದಾಗ ಆ ಹೆಸರು ಎಷ್ಟು ಉದಾರವಾದದ್ದು ಎಂದು ಅರ್ಥವಾಗುತ್ತದೆ. ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳ ವಿಷಯ ಬೇರೆ. ಸ್ವೀಡನ್‌ನ ವೈದ್ಯರು ರೋಗಿಯದೇ ಮೃದ್ವಸ್ಥಿಯ ಕೋಶಗಳನ್ನು ಬೆಳೆಸಿ ಮಂಡಿಯೊಳಗಿನ ಸವೆದ ಗುಂಡಿಗೆ ತುಂಬಿದ ವಿಧಾನವನ್ನು 1994ರಲ್ಲಿ ಪ್ರಕಟಿಸಿದರು, ಅದು ಇಂದಿಗೂ ಬಳಕೆಯಲ್ಲಿದೆ. ಆದರೆ ಅದಕ್ಕೆ ಎರಡು ಹಂತದ ಶಸ್ತ್ರಚಿಕಿತ್ಸೆ ಬೇಕು ಮತ್ತು ಆಟಗಾರ ಸುಮಾರು ಒಂದು ವರ್ಷ ಹೊರಗುಳಿಯಬೇಕು. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆ ದಾನಿಗಳ ಅಸ್ಥಿಮಜ್ಜೆಯಿಂದ ಬೆಳೆಸಿದ ಕೋಶಗಳ ಔಷಧಕ್ಕೆ ಮಂಡಿಯ ಸವೆತದ ಸಂಧಿವಾತಕ್ಕಾಗಿ ಭಾರತದಲ್ಲಿ ಒಪ್ಪಿಗೆ ದೊರೆತಿದೆ, ಆದರೆ ಆ ಒಪ್ಪಿಗೆ ಆಟಗಾರನ ಹರಿದ ಟೆಂಡನ್‌ಗಾಗಲಿ ಲಿಗಮೆಂಟ್‌ಗಾಗಲಿ ಅನ್ವಯಿಸುವುದಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯು, ಒಪ್ಪಿಗೆ ಪಡೆದ ಬಳಕೆಗಳನ್ನು ಬಿಟ್ಟರೆ, ಕಾಂಡಕೋಶಗಳನ್ನು ಅನುಮತಿ ಪಡೆದ ಪ್ರಯೋಗದ ಹೊರಗೆ ಕೊಡಬಾರದು ಎನ್ನುತ್ತದೆ. ಕ್ಲಿನಿಕ್ 'ಇದು ಪ್ರಯೋಗ' ಎಂದರೆ ಭಾರತದ ವೈದ್ಯಕೀಯ ಪ್ರಯೋಗಗಳ ಸಿಟಿಆರ್‌ಐ ಎಂಬ ಸಾರ್ವಜನಿಕ ನೋಂದಣಿಯಲ್ಲಿ ಅದರ ಸಂಖ್ಯೆಯನ್ನು ಹುಡುಕಿ ನೋಡಿ. ಸಂಖ್ಯೆ ಇಲ್ಲದೆ ಹಣ ಕೇಳಿದರೆ ಎದ್ದು ಬನ್ನಿ. ಹೊಕ್ಕುಳಬಳ್ಳಿಯ ರಕ್ತದಿಂದ ಮಾಡಿದ ಉತ್ಪನ್ನವನ್ನು ಚುಚ್ಚಿಸಿಕೊಂಡ 12 ಮಂದಿಗೆ ಗಂಭೀರ ಬ್ಯಾಕ್ಟೀರಿಯಾ ಸೋಂಕು ತಗುಲಿದ್ದನ್ನು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ 2018ರಲ್ಲಿ ವರದಿ ಮಾಡಿತು. ಕೀಲಿನೊಳಗೆ ಸೋಂಕು ಸೇರಿದರೆ ಆಟಗಾರನ ವೃತ್ತಿಯೇ ಮುಗಿಯಬಹುದು.

ಮೂರು ತಿಂಗಳಿಗೆ ಮರುಪರಿಶೀಲನೆ

ಚುಚ್ಚುವ ದಿನವೇ ಹನ್ನೆರಡನೆಯ ವಾರದ ಭೇಟಿಯನ್ನು ನಿಗದಿಪಡಿಸಿ, ಆ ದಿನ ಯಾವ ಅಳತೆಗಳು ಎಷ್ಟಿದ್ದರೆ ಫಲಿಸಿತು ಎನ್ನುತ್ತೇವೆ ಎಂಬುದನ್ನು ಆಟಗಾರನ ಎದುರಿನಲ್ಲಿಯೇ ಬರೆದಿಡಿ. ನೋವಿನ ಅಂಕ, ಬಲದ ಅಳತೆ, ಆಡಬಲ್ಲ ಹೊರೆ, ಈ ಮೂರು ಸಾಕು. ಅಲ್ಟ್ರಾಸೌಂಡ್ ಚಿತ್ರ ಎಷ್ಟೋ ಬಾರಿ ನೋವಿಗಿಂತ ಹಿಂದೆ ಉಳಿಯುವುದರಿಂದ ಅದೊಂದನ್ನೇ ನಂಬಬೇಡಿ. ಸ್ವಲ್ಪ ಸುಧಾರಣೆ ಕಂಡು ನಿಂತಿದ್ದರೆ ಎರಡನೆಯ ಚುಚ್ಚುಮದ್ದಿನ ಬಗ್ಗೆ ಮಾತಾಡಬಹುದು. ಏನೂ ಬದಲಾಗಿಲ್ಲವಾದರೆ ಮತ್ತೊಂದು ಕಿಟ್ ತರಿಸುವ ಮೊದಲು ಮೂಲ ರೋಗನಿರ್ಣಯವನ್ನೇ ಮರುಪರಿಶೀಲಿಸಿ, ಆಟಗಾರ ಒಪ್ಪಂದ ಮಾಡಿಕೊಂಡಿರುವ ತಂಡಕ್ಕೆ ಸಂಬಂಧವಿಲ್ಲದ ಇನ್ನೊಬ್ಬ ತಜ್ಞರಿಗೆ ಅದೇ ಕಡತವನ್ನು ತೋರಿಸಿ ಎರಡನೆಯ ಅಭಿಪ್ರಾಯ ಪಡೆಯಿರಿ. ಆ ಕಡತದ ಒಂದು ಪ್ರತಿ ಮೊದಲ ದಿನದಿಂದಲೇ ಆಟಗಾರನ ಕೈಯಲ್ಲಿರಬೇಕು.